ಸೈಕಲ್ ಪದೇ ಪದೇ ಪಂಕ್ಚರ್ ಆಗುತ್ತಿದೆ, ಟೈರ್ ಬದಲಿಸಬೇಕಾ?

ಹಿಂದಿನ ಚಕ್ರವೇ ಮತ್ತೆ ಮತ್ತೆ ಪಂಕ್ಚರ್ ಆಗುತ್ತಿದೆ, ಟೈರ್ ಮಾತ್ರ ಚೆನ್ನಾಗೇ ಕಾಣುತ್ತದೆ ಅಂದಿದ್ದೀರಿ. ಹಾಗಾದರೆ ಸುಮ್ನೆ ಹೊಸ ಟೈರ್‌ಗೆ ದುಡ್ಡು ಹಾಕಬೇಡಿ. ಮೊದಲು ಟ್ಯೂಬ್‌ನಲ್ಲಿ ತೂತು ಎಲ್ಲಿದೆ ನೋಡಿ.

ಅಕ್ಕಪಕ್ಕದಲ್ಲಿ ಎರಡು ಸಣ್ಣ ಸೀಳು ಇದ್ದರೆ ಅದು ಮುಳ್ಳಿನ ಕೆಲಸ ಅಲ್ಲ. ಗಾಳಿ ಕಡಿಮೆಯಿದ್ದಾಗ ಚಕ್ರ ಗುಂಡಿಗೆ ಬಡಿದರೆ, ಟ್ಯೂಬ್ ಟೈರ್‌ಗೂ ರಿಮ್‌ಗೂ ನಡುವೆ ಸಿಕ್ಕಿಕೊಂಡು ಹರಿಯುತ್ತದೆ. ನಮ್ಮ ಭಾರ ಜಾಸ್ತಿ ಬೀಳೋದು ಹಿಂದಿನ ಚಕ್ರದ ಮೇಲೆ, ಅಲ್ವಾ? ಅದಕ್ಕೇ ಅಲ್ಲಿ ಹೀಗಾಗುವುದು ಹೆಚ್ಚು. ನಿಮ್ಮದೂ ಇದೇ ಇರಬೇಕು ಅಂತ ನನ್ನ ಅನುಮಾನ.

ಎಷ್ಟು ಗಾಳಿ ಬೇಕು ಅಂತ ಟೈರ್‌ನ ಪಕ್ಕದಲ್ಲೇ ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಲೆಕ್ಕದಲ್ಲಿ ಅಚ್ಚಾಗಿರುತ್ತದೆ. 35 ಮಿ.ಮೀ. ಅಗಲದ ಟೈರ್‌ಗೆ ಸಾಮಾನ್ಯವಾಗಿ 50ರಿಂದ 65 ಸಾಕು. ಹೆಬ್ಬೆರಳಿನಿಂದ ಒತ್ತಿ ನೋಡುವುದನ್ನು ನಂಬಬೇಡಿ, ಮೀಟರ್ ಇರುವ ಪಂಪ್ ಇಟ್ಟುಕೊಳ್ಳಿ. ಓಡಿಸದೆ ನಿಲ್ಲಿಸಿದ್ದರೂ ಟ್ಯೂಬ್‌ನ ಗಾಳಿ ನಿಧಾನಕ್ಕೆ ಇಳಿಯುತ್ತದೆ, ಹಾಗಾಗಿ ವಾರಕ್ಕೊಮ್ಮೆ ನೋಡಿ.

ತೂತು ಒಂದೇ ಇದ್ದು, ಟೈರ್‌ಗೆ ತಾಗುವ ಹೊರಮೈಯಲ್ಲಿದ್ದರೆ ಗಾಜಿನ ಚೂರೋ ತಂತಿಯೋ ಟೈರ್‌ನಲ್ಲೇ ಉಳಿದಿರಬಹುದು. ಪ್ಯಾಚ್ ಹಾಕಿದ ಮೇಲೂ ಅದು ಮತ್ತೆ ಚುಚ್ಚುತ್ತದೆ. ಟೈರ್ ಒಳಗೆ ಹತ್ತಿಯನ್ನೋ ಹಳೇ ಬಟ್ಟೆಯನ್ನೋ ಸವರಿ, ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲೇ ಚೂರು ಇರುತ್ತದೆ. ಬರಿಗೈ ಮಾತ್ರ ಬೇಡ.

ತೂತು ರಿಮ್ ಕಡೆಗಿದ್ದರೆ ರಿಮ್ ಟೇಪ್ (ಕಡ್ಡಿಗಳ ತುದಿ ಟ್ಯೂಬ್‌ಗೆ ಚುಚ್ಚದಂತೆ ರಿಮ್ ಮೇಲೆ ಸುತ್ತಿರುವ ಪಟ್ಟಿ) ಸರಿದಿದೆಯಾ ನೋಡಿ. ಟೈರ್ ಸವೆದು ಒಳಗಿನ ನೂಲು ಕಾಣುತ್ತಿದ್ದರೆ ಮಾತ್ರ ಬದಲಿಸಿ.