ಬಾಡಿಗೆ ಕಾರಿನ ಡ್ಯಾಮೇಜ್ ಹೆಸರಲ್ಲಿ ಕಲೆಕ್ಷನ್ ಏಜೆನ್ಸಿ ಪತ್ರ ಬಂದಿದೆ, ಕಟ್ಟಿಬಿಡಲಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಲಾಸ್ ಏಂಜಲೀಸ್ ಏರ್‌ಪೋರ್ಟ್‌ನಲ್ಲಿ ಕಾರು ಬಾಡಿಗೆಗೆ ಪಡೆದು, ಮನೆಯವರ ಜೊತೆ ಯೊಸೆಮಿಟಿ ನೋಡಿಕೊಂಡು ಬಂದು ವಾಪಸ್ ಕೊಟ್ಟಿರಿ. ಆಗ ಯಾರೂ ಏನೂ ಹೇಳಲಿಲ್ಲ. ಕಂಪನಿಯಿಂದ ನಂತರ ಬಂದ ಇಮೇಲ್ ಅನ್ನು ಮೋಸದ ಇಮೇಲ್ ಅಂದುಕೊಂಡು ಬಿಟ್ಟಿರಿ. ಈಗ ಡಲ್ಲಾಸ್‌ನ ಮನೆಗೆ ಕಲೆಕ್ಷನ್ ಏಜೆನ್ಸಿಯ, ಅಂದರೆ ಬೇರೆಯವರ ಪರವಾಗಿ ಬಾಕಿ ವಸೂಲಿ ಮಾಡುವವರ, ಪತ್ರ ಬಂದಿದೆ. ರಿಪೇರಿ 940, ಲಾಸ್ ಆಫ್ ಯೂಸ್ (ಕಾರು ನಿಂತ ದಿನಗಳ ಬಾಡಿಗೆ) 480, ಡಿಮಿನಿಶ್ಡ್ ವ್ಯಾಲ್ಯೂ (ಕಾರಿನ ಬೆಲೆ ಕುಸಿದದ್ದು) 300, ಅಡ್ಮಿನ್ ಫೀ 150, ಒಟ್ಟು 1,870 ಡಾಲರ್. ನನ್ನ ಕೆಲಸದ ವೀಸಾ ಎಚ್-1ಬಿಗೆ ತೊಂದರೆಯಾಗುತ್ತದಾ, ಕಟ್ಟಿ ಕೈತೊಳೆದುಕೊಳ್ಳಲಾ ಅಂತ ಕೇಳಿದ್ದೀರಿ.

ಈಗಲೇ ಕಟ್ಟಬೇಡಿ. ಹಾಗಂತ ಪತ್ರವನ್ನು ಮೂಲೆಗೆ ಎಸೆದು ಸುಮ್ಮನಿರಲೂ ಬೇಡಿ. ಎರಡರಲ್ಲೂ ನಷ್ಟ ನಿಮ್ಮದೇ.

ಮೊದಲು ವೀಸಾ ಭಯದ ಬಗ್ಗೆ. ಕಾರಿನ ಹಾನಿಗೆ ದುಡ್ಡು ಕೇಳುವುದು ಸಿವಿಲ್ ವ್ಯವಹಾರ, ಪೊಲೀಸ್ ಕೇಸಲ್ಲ. ವೀಸಾ ಅರ್ಜಿಯಲ್ಲಿ ಕೇಳುವುದು ಬಂಧನ, ಕ್ರಿಮಿನಲ್ ಶಿಕ್ಷೆ ಇಂಥವನ್ನು. ಖಾಸಗಿ ಕಂಪನಿಯೊಂದು ನಿಮ್ಮಿಂದ ಇಷ್ಟು ಬರಬೇಕು ಅಂತ ಹೇಳಿಕೊಂಡರೆ ಅದು ಅಲ್ಲಿಗೆ ಬರುವುದಿಲ್ಲ. ಫೋನಿನಲ್ಲಿ ಯಾರಾದರೂ "ಅರೆಸ್ಟ್ ಆಗ್ತೀರಿ", "ಇಮಿಗ್ರೇಷನ್‌ಗೆ ತಿಳಿಸ್ತೀವಿ" ಅಂದರೆ ದಿನಾಂಕ, ಸಮಯ, ಹೇಳಿದ ಮಾತು ಬರೆದಿಟ್ಟುಕೊಳ್ಳಿ. ಸಾಲ ವಸೂಲಿಗೆ ಸುಳ್ಳು ಬೆದರಿಕೆ ಹಾಕುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸಿದೆ. ಊರಲ್ಲಿ ರಿಕವರಿ ಏಜೆಂಟರು ಮನೆ ಬಾಗಿಲಿಗೆ ಬಂದು ಗಲಾಟೆ ಮಾಡಿದ್ದನ್ನು ಕೇಳಿ ಬೆಳೆದ ನಮಗೆ ಇಂಥ ಪತ್ರ ನೋಡಿದ ಕೂಡಲೇ ಎದೆ ಝಲ್ಲೆನ್ನುತ್ತದೆ. ಆ ಭಯಕ್ಕೇ ಎಷ್ಟೋ ಜನ ಒಂದು ಪ್ರಶ್ನೆಯನ್ನೂ ಕೇಳದೆ ಕಾರ್ಡ್ ನಂಬರ್ ಕೊಟ್ಟುಬಿಡುತ್ತಾರೆ. ನನಗೆ ಇದು ತುಂಬಾ ಬೇಸರದ ಸಂಗತಿ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಈಗ ಆ ಪತ್ರವನ್ನು ಮತ್ತೆ ತೆಗೆಯಿರಿ. ವಸೂಲಿಗಾರರ ಮೇಲಿನ ಮುಖ್ಯ ಕಾನೂನು 1977ರದ್ದು, ಹೆಸರು ಫೇರ್ ಡೆಟ್ ಕಲೆಕ್ಷನ್ ಪ್ರಾಕ್ಟಿಸಸ್ ಆಕ್ಟ್. ಅದರ ಮೇಲೆ ರೆಗ್ಯುಲೇಷನ್ ಎಫ್ ಅನ್ನುವ ನಿಯಮಾವಳಿ 2021ರ ನವೆಂಬರ್ 30ರಿಂದ ಜಾರಿಯಲ್ಲಿದೆ. ಇದರ ಪ್ರಕಾರ ಪತ್ರದಲ್ಲಿ ಮೂಲ ಕಂಪನಿ ಯಾವುದು, ಮೊತ್ತ ಹೇಗೆ ಬಂತು ಅನ್ನುವುದರ ಜೊತೆಗೆ ನೀವು ತಕರಾರು ಸಲ್ಲಿಸಲು ಕೊನೆಯ ದಿನಾಂಕವನ್ನೂ ಕೊಟ್ಟಿರಬೇಕು. ಸಾಮಾನ್ಯವಾಗಿ ಪತ್ರದ ಕೆಳಭಾಗದಲ್ಲಿ ಕತ್ತರಿಸಿ ಕಳಿಸುವ ಚೀಟಿಯೂ ಇರುತ್ತದೆ. ಪತ್ರ ನಿಮ್ಮ ಕೈ ಸೇರಿದ ಮೇಲೆ ಕನಿಷ್ಠ 30 ದಿನದ ಅವಕಾಶ ಅದು. ಆ ಗಡುವಿನೊಳಗೆ ಲಿಖಿತವಾಗಿ ತಕರಾರು ಹಾಕಿದರೆ, ಅವರು ಪುರಾವೆ ಕಳಿಸುವವರೆಗೆ ವಸೂಲಿಯನ್ನು ನಿಲ್ಲಿಸಲೇಬೇಕು. ಫೋನಿನಲ್ಲಿ ಹೇಳಿದರೆ ಈ ರಕ್ಷಣೆ ಸಿಗುವುದಿಲ್ಲ. ಆದ್ದರಿಂದ ಪೋಸ್ಟ್ ಆಫೀಸಿಗೆ ಹೋಗಿ ಸರ್ಟಿಫೈಡ್ ಮೇಲ್‌ನಲ್ಲಿ ರಿಟರ್ನ್ ರಿಸೀಟ್ ಸಮೇತ ಕಳಿಸಿ. ಹಸಿರು ಕಾರ್ಡಿನ ಮೇಲೆ ಅವರ ಸಹಿ ಬಿದ್ದು ವಾಪಸ್ ಬರುತ್ತದೆ, ಅದನ್ನು ಜೋಪಾನ ಮಾಡಿ.

ಒಂದು ವಿಷಯ ಗಮನಿಸಿ. ಈ ಕಾನೂನು ವೈಯಕ್ತಿಕ, ಮನೆಯ ಬಳಕೆಯ ವ್ಯವಹಾರಕ್ಕೆ ಮಾತ್ರ. ನಿಮ್ಮದು ಕುಟುಂಬದ ಪ್ರವಾಸ, ಅನ್ವಯಿಸುತ್ತದೆ. ಆಫೀಸ್ ಕೆಲಸಕ್ಕೆ ಕಾರು ತಗೊಂಡವರಿಗೆ ಇದರ ಆಸರೆ ಇಲ್ಲ, ಅವರು ಮೊದಲು ತಮ್ಮ ಕಂಪನಿಯ ಟ್ರಾವೆಲ್ ವಿಭಾಗವನ್ನು ಹಿಡಿಯಬೇಕು.

ನೀವು ಕಳಿಸುವ ತಕರಾರು ಪತ್ರದಲ್ಲಿ ಕಥೆ ಬೇಡ. ಡ್ರೈವಿಂಗ್ ಹೇಗೆ ಮಾಡಿದಿರಿ, ಕಲ್ಲು ತಾಗಿರಬಹುದೇನೋ, ಪಾರ್ಕಿಂಗ್‌ನಲ್ಲಿ ಯಾರೋ ಗುದ್ದಿರಬಹುದು ಇತ್ಯಾದಿ ಒಂದು ಸಾಲೂ ಬರೆಯಬೇಡಿ. ಈ ಬಾಕಿಯನ್ನು ನಾನು ಒಪ್ಪುವುದಿಲ್ಲ, ಪುರಾವೆ ಕೊಡಿ, ಅಷ್ಟೇ. ಜೊತೆಗೆ ಯಾವ ಯಾವ ಕಾಗದ ಬೇಕು ಅಂತ ಹೆಸರಿಸಿ: ಸಹಿ ಮಾಡಿದ ಬಾಡಿಗೆ ಒಪ್ಪಂದ, ಕಾರು ಹೊರಗೆ ಹೋಗುವಾಗಿನ ಮತ್ತು ವಾಪಸ್ ಬಂದಾಗಿನ ತಪಾಸಣೆ ದಾಖಲೆ, ದಿನಾಂಕವಿರುವ ಮೂಲ ಫೋಟೋಗಳು, ಗ್ಯಾರೇಜಿನ ಎಸ್ಟಿಮೇಟ್, ರಿಪೇರಿ ನಿಜವಾಗಿ ಆಗಿದ್ದರೆ ಅದರ ಬಿಲ್ಲು. ಹರ್ಟ್ಸ್ ಕಂಪನಿ 2025ರಲ್ಲಿ ಅಟ್ಲಾಂಟಾ ಏರ್‌ಪೋರ್ಟ್‌ನಿಂದ ಶುರುಮಾಡಿ ಕಾರುಗಳನ್ನು ಎಐ ಸ್ಕ್ಯಾನರ್ ಮೂಲಕ ಹಾಯಿಸತೊಡಗಿತು. ಅಂಥ ಯಂತ್ರ ಇರುವ ಕಡೆ ಹೊರಡುವಾಗಿನ ಸ್ಕ್ಯಾನ್ ಚಿತ್ರವನ್ನೂ ಕೇಳಿ. ವಾಪಸ್ ಬಂದಾಗಿನ ಚಿತ್ರ ಒಂದನ್ನೇ ತೋರಿಸಿದರೆ ಗೀರು ನಿಮ್ಮ ಕಾಲದ್ದು ಅಂತ ಸಾಬೀತಾಗುವುದಿಲ್ಲ.

ಕಾಗದ ಬಂದ ಮೇಲೆ ಓಡೋಮೀಟರ್ ಸಂಖ್ಯೆ, ಅಂದರೆ ಕಾರು ಒಟ್ಟು ಎಷ್ಟು ಮೈಲಿ ಓಡಿದೆ ಅನ್ನುವುದನ್ನು ನೋಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ನನ್ನ ಕೇಸು ಮುಗಿದದ್ದೇ ಅದರಿಂದ. ಡೆನ್ವರ್‌ನಲ್ಲಿ ಬಾಡಿಗೆಗೆ ಪಡೆದ ಕಾರಿನ ಹಿಂದಿನ ಬಂಪರ್ ಬಗ್ಗೆ ತಿಂಗಳುಗಳ ನಂತರ ನನಗೂ ಇಂಥದೇ ಪತ್ರ ಬಂತು. ತಕರಾರು ಹಾಕಿದೆ, ಅವರು ಎಸ್ಟಿಮೇಟ್ ಕಳಿಸಿದರು. ನಾನು ವಾಪಸ್ ಕೊಟ್ಟ ದಿನದ ರಸೀದಿಯಲ್ಲಿ 18,412 ಮೈಲಿ, ಎಸ್ಟಿಮೇಟ್‌ನ ಮೇಲ್ತುದಿಯಲ್ಲಿ ಸಣ್ಣ ಅಕ್ಷರದಲ್ಲಿ 20,655 ಮೈಲಿ. ನಡುವೆ ಎರಡು ಸಾವಿರಕ್ಕೂ ಹೆಚ್ಚು ಮೈಲಿ ಬೇರೆ ಯಾರೋ ಓಡಿಸಿದ್ದಾರೆ. ಎರಡೂ ಕಾಗದದ ಪ್ರತಿ ಇಟ್ಟು, ಆ ಸಂಖ್ಯೆಗಳ ಕೆಳಗೆ ಗೆರೆ ಎಳೆದು, ಎರಡು ಸಾಲು ಬರೆದು ಕಳಿಸಿದೆ. ಖಾತೆ ಮುಚ್ಚಿದ್ದೇವೆ ಅಂತ ಉತ್ತರ ಬಂತು. ನಿಮ್ಮ ಇಮೇಲ್‌ನಲ್ಲಿ ವಾಪಸಾತಿ ರಸೀದಿ ಇದ್ದೇ ಇರುತ್ತದೆ, ಹುಡುಕಿ. ಫೋನ್‌ನಲ್ಲಿರುವ ಪ್ರವಾಸದ ಫೋಟೋಗಳನ್ನೂ ನೋಡಿ, ಹಿನ್ನೆಲೆಯಲ್ಲಿ ಕಾರು ಕಾಣುವ ಚಿತ್ರ ಒಂದಾದರೂ ಸಿಗಬಹುದು.

ಇನ್ನು ನಿಮ್ಮ ಲೆಕ್ಕ. ಕಾರು ಪಡೆದದ್ದು ಕ್ಯಾಲಿಫೋರ್ನಿಯಾದಲ್ಲಿ ಅನ್ನುವುದು ನಿಮ್ಮ ಪುಣ್ಯ. ಅಲ್ಲಿನ ಸಿವಿಲ್ ಕೋಡ್‌ನ 1939.01ರಿಂದ ಶುರುವಾಗುವ ಸೆಕ್ಷನ್‌ಗಳು ಬಾಡಿಗೆದಾರನ ಮೇಲೆ ಏನೇನು ಹೊರಿಸಬಹುದು ಅಂತ ಪಟ್ಟಿ ಮಾಡಿ, ಅದಕ್ಕಿಂತ ಹೆಚ್ಚು ಹೊರಿಸುವಂತಿಲ್ಲ ಅನ್ನುತ್ತವೆ. ಕಾರಿಗಾದ ಹಾನಿ, ಕಳವು, ಟೋಯಿಂಗ್ ಮತ್ತು ಸ್ಟೋರೇಜ್‌ನ ನಿಜವಾದ ಖರ್ಚು, ಮಿತಿಯೊಳಗಿನ ಅಡ್ಮಿನ್ ಫೀ ಅದರಲ್ಲಿವೆ. ಕಾರು ಗ್ಯಾರೇಜಿನಲ್ಲಿ ನಿಂತ ದಿನಗಳ ಬಾಡಿಗೆ, ಅಂದರೆ ಲಾಸ್ ಆಫ್ ಯೂಸ್, ಆ ಪಟ್ಟಿಯಲ್ಲಿಲ್ಲ. ರಿಪೇರಿ ನಂತರ ಕಾರಿನ ಮಾರುಕಟ್ಟೆ ಬೆಲೆ ಕುಸಿಯಿತು ಅನ್ನುವ ಡಿಮಿನಿಶ್ಡ್ ವ್ಯಾಲ್ಯೂ ಕೂಡ ಇಲ್ಲ. ಅಡ್ಮಿನ್ ಫೀಗೆ ಮೆಟ್ಟಿಲುಗಳಿವೆ. ರಿಪೇರಿ ಅಂದಾಜು 100 ಡಾಲರ್ ದಾಟದಿದ್ದರೆ ಏನೂ ಇಲ್ಲ, 500ರವರೆಗೆ 50, 1,500ರವರೆಗೆ 100, ಅದಕ್ಕೂ ಮೇಲೆ 150. ನಿಮ್ಮ ರಿಪೇರಿ 940 ಅಂದಮೇಲೆ 100ಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ. ಅಂದರೆ ಹಾನಿ ನಿಮ್ಮಿಂದಲೇ ಆಗಿದೆ ಅಂತ ಸಾಬೀತಾದರೂ 1,870 ಅಲ್ಲ, ಹೆಚ್ಚೆಂದರೆ 1,040. ಆ 940 ಕೂಡ ಗಟ್ಟಿ ಸಂಖ್ಯೆಯಲ್ಲ. ಬಾಡಿಗೆ ಕಂಪನಿಗಳಿಗೆ ಬಿಡಿಭಾಗದಲ್ಲೂ ಕೂಲಿಯಲ್ಲೂ ರಿಯಾಯಿತಿ ಸಿಗುತ್ತದೆ, ಆ ರಿಯಾಯಿತಿಯನ್ನು ಕಳೆದು ಲೆಕ್ಕ ಹಾಕಬೇಕು ಅಂತ ಅದೇ ಕಾನೂನು ಹೇಳುತ್ತದೆ. ಇದನ್ನೆಲ್ಲ ಎರಡನೇ ಪತ್ರದಲ್ಲಿ ಬರೆಯಿರಿ. ಮೊದಲ ಪತ್ರ ಬರೀ ತಕರಾರಿಗೆ.

ಬೇರೆ ರಾಜ್ಯದಲ್ಲಿ ಕಾರು ಪಡೆದವರು ಓದುತ್ತಿದ್ದರೆ, ಈ ಪಟ್ಟಿ ನಿಮಗೆ ಅನ್ವಯಿಸುವುದಿಲ್ಲ. ಲಾಸ್ ಆಫ್ ಯೂಸ್ ಕೇಳಲು ಹಲವು ಕಡೆ ಅವಕಾಶವಿದೆ. ಅಲ್ಲಿ ಕೇಳಬೇಕಾದದ್ದು ಫ್ಲೀಟ್ ಯುಟಿಲೈಸೇಷನ್ ಲಾಗ್, ಅಂದರೆ ಯಾವ ದಿನ ಕಂಪನಿಯ ಎಷ್ಟು ಕಾರು ಬಾಡಿಗೆಯಲ್ಲಿದ್ದವು ಅನ್ನುವ ದಾಖಲೆ. ಆ ದಿನಗಳಲ್ಲಿ ಅವರ ಅಂಗಳದಲ್ಲಿ ಬೇರೆ ಕಾರುಗಳು ಖಾಲಿ ನಿಂತಿದ್ದರೆ ಈ ಒಂದು ಕಾರು ಇಲ್ಲದ್ದರಿಂದ ಯಾವ ಬಾಡಿಗೆ ತಪ್ಪಿತು ಅನ್ನುವ ಪ್ರಶ್ನೆಗೆ ಅದರಲ್ಲೇ ಉತ್ತರ ಇರುತ್ತದೆ. ಕ್ರೆಡಿಟ್ ಕಾರ್ಡ್ ವಿಮೆಯವರು ಅನೇಕ ಬಾರಿ ಈ ಲಾಗ್ ಇಲ್ಲದೆ ಆ ಬಾಬತ್ತಿಗೆ ಹಣ ಕೊಡುವುದಿಲ್ಲ.

ಕಾರ್ಡ್ ಅಂದಾಗ ನೆನಪಾಯಿತು. ಬಾಡಿಗೆಯನ್ನು ಯಾವ ಕಾರ್ಡಿನಿಂದ ಕಟ್ಟಿದಿರಿ? ಕೌಂಟರ್‌ನಲ್ಲಿ ಅವರ ಡ್ಯಾಮೇಜ್ ವೇವರ್ (ಹಣ ಕಟ್ಟಿದರೆ ಹಾನಿಯ ಹೊಣೆ ಬಿಡುವ ಕಂಪನಿಯ ಯೋಜನೆ) ಬೇಡ ಅಂದು, ಪೂರ್ತಿ ಬಾಡಿಗೆಯನ್ನು ಅದೇ ಕಾರ್ಡಿನಿಂದ ಕಟ್ಟಿ, ಒಪ್ಪಂದದಲ್ಲಿ ನಿಮ್ಮ ಹೆಸರೇ ಮೊದಲಿದ್ದರೆ ಕಾರ್ಡಿನ ವಿಮೆ ಸಿಗುವ ಸಾಧ್ಯತೆ ಚೆನ್ನಾಗಿದೆ. ತಿಳಿಸಲು ಗಡುವು ಇರುತ್ತದೆ, ಕಾರ್ಡಿನಿಂದ ಕಾರ್ಡಿಗೆ ಬೇರೆ. ಇವತ್ತೇ ಫೋನ್ ಮಾಡಿ. ಗಡುವು ದಾಟಿದ್ದರೂ ಕ್ಲೇಮ್ ದಾಖಲಿಸಿ, ಹಾನಿಯ ವಿಷಯ ನಿಮಗೆ ತಿಳಿದದ್ದು ಯಾವಾಗ ಅಂತ ಬರೆಯಿರಿ. ಟೆಕ್ಸಸ್‌ನಲ್ಲಿ ನಿಮ್ಮ ಸ್ವಂತ ಕಾರಿಗೆ ಕೊಲಿಷನ್ ಕವರೇಜ್ (ಡಿಕ್ಕಿಯ ಹಾನಿಗೆ ವಿಮೆ) ಇದ್ದರೆ ಅದೂ ಸಾಮಾನ್ಯವಾಗಿ ಬಾಡಿಗೆ ಕಾರಿಗೆ ಹರಡುತ್ತದೆ. ಆದರೆ ಡಿಡಕ್ಟಿಬಲ್, ಅಂದರೆ ನೀವೇ ಕೈಯಿಂದ ಭರಿಸಬೇಕಾದ ಪಾಲು, ಎಷ್ಟು ಅಂತ ನೋಡಿಕೊಂಡೇ ಅದಕ್ಕೆ ಕೈ ಹಾಕಿ.

ಈ ನಡುವೆ ಫೋನ್ ಬರಬಹುದು. ನೀವಿರುವ ಡಲ್ಲಾಸ್‌ನ ಸಮಯದಲ್ಲಿ ಬೆಳಿಗ್ಗೆ 8ಕ್ಕೆ ಮೊದಲು, ರಾತ್ರಿ 9ರ ನಂತರ ಕರೆ ಮಾಡುವಂತಿಲ್ಲ. ಏಳು ದಿನದಲ್ಲಿ ಏಳಕ್ಕಿಂತ ಹೆಚ್ಚು ಬಾರಿ ಕರೆ ಮಾಡಿದರೆ ಅದನ್ನು ಕಿರುಕುಳವೆಂದೇ ಭಾವಿಸಲಾಗುತ್ತದೆ. ನಿಮ್ಮ ಸಾಲದ ವಿಷಯವನ್ನು ಆಫೀಸಿನವರಿಗಾಗಲಿ, ಊರಲ್ಲಿರುವ ತಂದೆತಾಯಿಗಾಗಲಿ ಹೇಳುವ ಹಕ್ಕು ಅವರಿಗಿಲ್ಲ. ಮೈಸೂರಿನ ಮನೆಗೆ ಯಾರಾದರೂ ವಾಟ್ಸಾಪ್ ಕರೆ ಮಾಡಿ ಮಗ ಅಮೆರಿಕದಲ್ಲಿ ದುಡ್ಡು ಕಟ್ಟಿಲ್ಲ ಅಂದರೆ ಅದು ವಂಚಕರದ್ದೇ ಇರಬಹುದು. ಅಪ್ಪ ಅಮ್ಮನಿಗೆ ಈಗಲೇ ಹೇಳಿಡಿ, ಯಾರಿಗೂ ಒಟಿಪಿ, ಖಾತೆ ವಿವರ ಕೊಡಬೇಡಿ ಅಂತ.

ಕ್ರೆಡಿಟ್ ಸ್ಕೋರ್ ವಿಷಯ ನಿಜವಾಗಿಯೂ ಗಂಭೀರ. ಕಲೆಕ್ಷನ್ ದಾಖಲೆ ಒಮ್ಮೆ ಹತ್ತಿದರೆ ಏಳು ವರ್ಷದವರೆಗೆ ಉಳಿಯಬಹುದು, ಮನೆ ಸಾಲ ಕೇಳುವಾಗ ಎದುರಾಗುತ್ತದೆ. ಆದರೆ ನಿಮ್ಮನ್ನು ಸಂಪರ್ಕಿಸದೆ ನೇರವಾಗಿ ಬ್ಯೂರೋಗೆ, ಅಂದರೆ ಕ್ರೆಡಿಟ್ ದಾಖಲೆ ಇಡುವ ಸಂಸ್ಥೆಗೆ, ಹಾಕುವಂತಿಲ್ಲ, ಮತ್ತು ನೀವು ತಕರಾರು ಹಾಕಿದ ಬಾಕಿಯನ್ನು ತಕರಾರಿನಲ್ಲಿದೆ ಅಂತ ಹೇಳದೆ ವರದಿ ಮಾಡುವಂತಿಲ್ಲ. ತಪ್ಪಿದರೆ ನಿಮ್ಮ ರಾಜ್ಯದ ಅಟಾರ್ನಿ ಜನರಲ್‌ಗೂ ಫೆಡರಲ್ ಗ್ರಾಹಕ ಸಂಸ್ಥೆ ಸಿಎಫ್‌ಪಿಬಿಗೂ ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ವಸೂಲಿಗಾರರ ಮೇಲೆ ನೀವೇ ದಾವೆ ಹೂಡಬೇಕಿದ್ದರೆ ಉಲ್ಲಂಘನೆಯಾದ ಒಂದು ವರ್ಷದೊಳಗೆ ಹೂಡಬೇಕು. ಗೆದ್ದರೆ ನಷ್ಟದ ಜೊತೆಗೆ 1,000 ಡಾಲರ್‌ವರೆಗೆ ಪರಿಹಾರ, ನಿಮ್ಮ ವಕೀಲರ ಫೀಯನ್ನೂ ವಸೂಲಿಗಾರರೇ ಕೊಡಬೇಕು. ಹಾಗಾಗಿ ಇಂಥ ಕೇಸುಗಳನ್ನು ಮುಂಗಡ ಹಣ ಕೇಳದೆ ತೆಗೆದುಕೊಳ್ಳುವ ವಕೀಲರು ಸಿಗುತ್ತಾರೆ. ಅದೇ ಬಾಡಿಗೆ ಕಂಪನಿ ನಿಮ್ಮನ್ನು ಇನ್ನು ಮುಂದೆ ಕಾರು ಕೊಡಬಾರದವರ ಪಟ್ಟಿಗೆ ಸೇರಿಸಿದರೆ ಮಾತ್ರ ಅದನ್ನು ತಡೆಯುವುದು ಕಷ್ಟ.

ಕೋರ್ಟಿನಿಂದ ಸಮನ್ಸ್ ಬಂದರೆ ಯಾವ ಕಾರಣಕ್ಕೂ ಉತ್ತರಿಸದೆ ಇರಬೇಡಿ. ನೀವು ಹಾಜರಾಗದಿದ್ದರೆ ಪುರಾವೆ ದುರ್ಬಲವಾಗಿದ್ದರೂ ತೀರ್ಪು ಅವರ ಕಡೆಗೇ ಹೋಗುತ್ತದೆ.

ಪುರಾವೆ ಗಟ್ಟಿಯಾಗಿದ್ದು ಹಾನಿ ನಿಮ್ಮ ಕೈಯಲ್ಲೇ ಆಗಿದೆ ಅಂತ ನಿಮಗೂ ಅನ್ನಿಸಿದರೆ ನ್ಯಾಯವಾದ ಮೊತ್ತ ಕಟ್ಟಿ, ಅದರಲ್ಲಿ ಅವಮಾನವೇನಿಲ್ಲ. ಆದರೆ ಇಷ್ಟು ಕಟ್ಟಿದರೆ ಪೂರ್ತಿ ಚುಕ್ತಾ, ಉಳಿಕೆಯನ್ನು ಬೇರೆಯವರಿಗೆ ಮಾರುವುದಿಲ್ಲ, ಬ್ಯೂರೋಗೆ ವರದಿ ಮಾಡುವುದಿಲ್ಲ ಅಂತ ಅವರ ಲೆಟರ್‌ಹೆಡ್‌ನಲ್ಲಿ ಬರಹ ಕೈಗೆ ಬಂದ ಮೇಲೆಯೇ ಕಟ್ಟಿ. ಬ್ಯಾಂಕ್ ಖಾತೆ ನಂಬರ್ ಕೊಡಬೇಡಿ, ಕ್ಯಾಷಿಯರ್ಸ್ ಚೆಕ್ (ಬ್ಯಾಂಕೇ ತನ್ನ ಹೆಸರಲ್ಲಿ ಕೊಡುವ ಚೆಕ್) ಕಳಿಸಿ.

ನಿಮ್ಮ ಪತ್ರದಲ್ಲಿರುವ ತಕರಾರಿನ ಕೊನೆಯ ದಿನಾಂಕ ಯಾವುದು, ಬಾಡಿಗೆ ಕಟ್ಟಿದ ಕಾರ್ಡ್ ಯಾವ ಬ್ಯಾಂಕಿನದು ಅಂತ ಇಲ್ಲಿ ಬರೆಯಿರಿ. ಖಾತೆ ಸಂಖ್ಯೆ, ವಿಳಾಸ ಹಾಕಬೇಡಿ. ಮೊದಲ ಪತ್ರದ ಒಕ್ಕಣೆಯನ್ನು ನಾನು ಕೂತು ಬರೆದುಕೊಡುತ್ತೇನೆ.