‘ಹಾಲಿ’ ಕನ್ನಡವೇ, ಆದರೆ ಎಲ್ಲ ಇನ್‌ಕಂಬೆಂಟೂ ಹಾಲಿ ಅಲ್ಲ

ಇಂಗ್ಲಿಷ್‌ನ ಇನ್‌ಕಂಬೆಂಟ್‌ಗೆ, ಅಂದರೆ ಈಗ ಹುದ್ದೆಯಲ್ಲಿ ಇರುವವರಿಗೆ, ಹಾಲಿ ಅಂತ ಬರೆದರೆ ಸಾಕಾ, ಅದು ಉರ್ದು ಅಲ್ವಾ, ಶುದ್ಧ ಕನ್ನಡದಲ್ಲಿ ಏನನ್ನಬೇಕು ಅಂತ ಕೇಳಿದ್ದೀರಿ. ಇದೇ ಪದದಿಂದ ನಾನು ಒಂದು ಕೆಲಸ ಕಳೆದುಕೊಂಡಿದ್ದೇನೆ, ಹಾಗಾಗಿ ಉತ್ತರ ಜರಾ ಉದ್ದ ಆಗುತ್ತದೆ.

ಹತ್ತು ಹನ್ನೆರಡು ವರ್ಷದ ಹಿಂದೆ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಒಂದು ಡಿಟಿಪಿ ಅಂಗಡಿಯಲ್ಲಿ ಕೂರುತ್ತಿದ್ದೆ. ಟೈಪಿಂಗ್ ಜೊತೆಗೆ ಇಂಗ್ಲಿಷ್‌ನಿಂದ ಕನ್ನಡಕ್ಕೂ ಮಾಡಿಕೊಡುತ್ತಿದ್ದೆ, ಪುಟಕ್ಕೆ ಇಷ್ಟು ಅಂತ. ಒಂದು ಸಹಕಾರ ಸಂಘದವರು ಚುನಾವಣೆಯ ನೋಟಿಸ್ ತಂದರು. ಮೊದಲ ಪುಟದಲ್ಲಿ ‘ಇನ್‌ಕಂಬೆಂಟ್ ಪ್ರೆಸಿಡೆಂಟ್’ ಅಂತಿತ್ತು. ಹಾಲಿ ಅಧ್ಯಕ್ಷರು ಅಂತ ಹೊಡೆದೆ. ಅದು ಸರಿಯೇ. ಎರಡನೇ ಪುಟದಲ್ಲಿ ‘ಇಟ್ ಈಸ್ ಇನ್‌ಕಂಬೆಂಟ್ ಆನ್ ಮೆಂಬರ್ಸ್’ ಅಂತ ಶುರುವಾಗಿ ಬಾಕಿ ಕಟ್ಟುವ ಮಾತಿತ್ತು. ನಾನು ಅದೇ ಗುಂಗಿನಲ್ಲಿ ‘ಹಾಲಿ ಸದಸ್ಯರು ಬಾಕಿ ಕಟ್ಟಬೇಕು’ ಅಂತ ಬರೆದೆ.

ಡಿಕ್ಷನರಿ ಕೈಗೆಟುಕುವಷ್ಟು ದೂರದಲ್ಲೇ ಇತ್ತು. ಒಂದು ಪುಟದ ಹಿಂದಷ್ಟೇ ಗೊತ್ತಿದ್ದ ಪದ, ಮತ್ತೆ ಯಾಕೆ ನೋಡಬೇಕು ಅನ್ನಿಸಿತು. ಆದರೆ ಅದರ ಬೆನ್ನಿಗೇ ‘ಆನ್’ ಬಂದ ಕೂಡಲೇ ಆ ಪದದ ದಿಕ್ಕೇ ಬದಲಾಗುತ್ತದೆ. ಅಲ್ಲಿ ಇನ್‌ಕಂಬೆಂಟ್ ಅಂದರೆ ಕುರ್ಚಿಯಲ್ಲಿ ಕೂತವರಲ್ಲ, ಮೈಮೇಲೆ ಬಿದ್ದ ಹೊಣೆ. ‘ಸದಸ್ಯರೆಲ್ಲ ಬಾಕಿ ಕಟ್ಟುವುದು ಕಡ್ಡಾಯ’ ಅಂತ ಆಗಬೇಕಿತ್ತು. ಹಾಲಿ ಅಧ್ಯಕ್ಷರು ಅಂತ ಆಗಲೇ ಓದಿದ್ದ ಜನ, ಇದೂ ಕಮಿಟಿಯವರಿಗೇ ಹೇಳಿದ್ದು ಅಂದುಕೊಂಡು ಸುಮ್ನೆ ಕೂತರು. ಬಾಕಿ ಕಟ್ಟಿಲ್ಲ ಅಂತ, ಮತದಾರರ ಪಟ್ಟಿ ಬಂದಾಗ ಅವರ ಹೆಸರೇ ಇಲ್ಲ. ಒಬ್ಬ ಅಜ್ಜ ಅಂಗಡಿಗೇ ಬಂದ. ನಾಲ್ಕು ಮಡಿಕೆಯ ಹಾಳೆ ಬಿಚ್ಚಿ, ‘ಹಾಲಿ’ ಮೇಲೆ ಉಗುರಿಟ್ಟು, ‘ಇದು ನಾ ಏನ್ರಿ?’ ಅಂತ ಕೇಳಿದ. ಸಂಘದವರು ಗಡುವು ಮುಂದಕ್ಕೆ ಹಾಕಿ ಹೊಸ ನೋಟಿಸ್ ಹಂಚಿದರು. 2,000 ಹಾಳೆಯ ಖರ್ಚು ನನ್ನ ಪಗಾರದಲ್ಲಿ ಕಟ್ ಆಯಿತು, ಮುಂದಿನ ತಿಂಗಳಿಂದ ಬರಬೇಡ ಅಂತಲೂ ಆಯಿತು.

ಆಮೇಲೆ ಖಾಲಿ ಕೂತಾಗ ಇದರ ಬೇರು ಹುಡುಕಿದೆ. ಲ್ಯಾಟಿನ್‌ನ ಇನ್‌ಕುಂಬೆರೆ, ಅಂದರೆ ಮೇಲೆ ಒರಗು, ಭಾರ ಹಾಕು. ಹೊಣೆಯೂ ಭಾರವೇ ಅಲ್ವಾ, ಎರಡು ಅರ್ಥವೂ ಹುಟ್ಟಿದ್ದು ಅಲ್ಲಿಂದ. ಇಂಗ್ಲಿಷ್‌ಗೆ ಬಂದಾಗ ಇದು ಚುನಾವಣೆಯ ಪದವೇ ಅಲ್ಲ. 15ನೇ ಶತಮಾನದಲ್ಲಿ ಚರ್ಚಿನ ಹುದ್ದೆ ಹಿಡಿದ ಪಾದ್ರಿಗೆ ಹೀಗೆ ಅನ್ನುತ್ತಿದ್ದರು. ಮೊಟ್ಟೆಗೆ ಕಾವು ಕೊಡುವ ಇನ್‌ಕ್ಯುಬೇಟರ್ ಇದರ ದಾಯಾದಿ. ಕುರ್ಚಿ ಮೇಲೆ ಕಾವಿಗೆ ಕೂತ ಕೋಳಿ ಅಂತ ನೆನಪಿಟ್ಟುಕೊಳ್ಳಿ, ಮರೆಯಲ್ಲ.

ಇನ್ನು ನಿಮ್ಮ ‘ಶುದ್ಧ ಕನ್ನಡ’. ಆ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಹಾಲಿ ಅರಬಿಯ ಹಾಲ್‌ನಿಂದ ಬಂದದ್ದು ಖರೇ, ಅದರ ಅರ್ಥ ಈಗಿನ ಸ್ಥಿತಿ. ‘ಅವನ ಹಾಲತ್ ನೋಡು’ ಅಂತೀವಲ್ಲ, ಅದೇ ಮನೆತನ. ಹಾಲಿಯ ಜೋಡಿ ಮಾಜಿಯೂ ಅರಬಿಯೇ, ಕಳೆದದ್ದು ಅಂತ. ನಮ್ಮ ಕಡೆ ನಿಜಾಮರ ರೂಪಾಯಿಗೇ ಹಾಲಿ ಸಿಕ್ಕಾ ಅನ್ನುತ್ತಿದ್ದರು, ಅಂದರೆ ಈಗ ನಡೆಯುವ ನಾಣ್ಯ. ಬ್ರಿಟಿಷರದ್ದು ಕಲ್ದಾರ್. 7 ಹಾಲಿಗೆ 6 ಕಲ್ದಾರ್ ಅನ್ನೋ ಲೆಕ್ಕ ನಮ್ಮಜ್ಜಿ ಬಾಯಲ್ಲೇ ಇತ್ತು. ಇಂಥ ಪದವನ್ನು ಹೊರಗೆ ಹಾಕುವುದಾದರೆ ತಹಶೀಲ್ದಾರ್, ಹಾಜರಿ, ಬಾಕಿ ಎಲ್ಲವನ್ನೂ ಹಾಕಿ. ‘ಅಧಿಕಾರಾರೂಢ’ ಅಂತ ಬರೆದರೆ ಮನುಷ್ಯ ಆನೆ ಮೇಲೆ ಕೂತಂಗೆ ಕಾಣುತ್ತದೆ.

2019ರಲ್ಲಿ ಗುಲ್ಬರ್ಗ ಲೋಕಸಭಾ ಕ್ಷೇತ್ರದಲ್ಲಿ ಖರ್ಗೆಯವರು ಸೋತರು, 2024ರಲ್ಲಿ ಅವರನ್ನು ಸೋಲಿಸಿದ್ದ ಉಮೇಶ ಜಾಧವ ಸೋತರು. ಎರಡು ಸಲವೂ ‘ಹಾಲಿ ಸಂಸದರಿಗೆ ಸೋಲು’ ಅಂದರೆ ಇಲ್ಲಿ ಯಾರಿಗೂ ಅರ್ಥ ಹೇಳಬೇಕಿಲ್ಲ. ಉಲ್ಟಾ ಮಾತ್ರ ಮಾಡಬೇಡಿ. ಹಾಲಿ ವಿಳಾಸಕ್ಕೆ ಇನ್‌ಕಂಬೆಂಟ್ ಅಡ್ರೆಸ್ ಅಂದರೆ ನಗುತ್ತಾರೆ.

ನಿಮ್ಮ ವಾಕ್ಯ ಪೂರ್ತಿ ಹಾಕಿ, ನೋಡೋಣ. ಒಂದೇ ಪದ ಕೊಟ್ಟರೆ ನಾನು ಹೇಳಲ್ಲ.