ಹಾಡು ಮೊದಲು, ಕತ್ತರಿ ಆಮೇಲೆ

ಈ ಸಲದ ಪತ್ರಗಳಲ್ಲಿ ಹಾಲಿವುಡ್‌ನ ಹಳೆಯ ಹಾಡು-ಕುಣಿತದ ಸಿನಿಮಾಗಳ ಬಗ್ಗೆ ಬಂದವೇ ಜಾಸ್ತಿ. ಅದರಲ್ಲೂ ಎಡಿಟಿಂಗ್ ಮತ್ತು ಶಬ್ದದ ಬಗ್ಗೆ ಕೇಳಿದವರಿಗೆ ಇಲ್ಲಿ ಒಟ್ಟಿಗೆ ಉತ್ತರಿಸಿದ್ದೇನೆ.

ಪ್ರಶ್ನೆ: ‘ಸಿಂಗಿನ್ ಇನ್ ದ ರೇನ್’ (1952) ಚಿತ್ರದ ಮಳೆ ಹಾಡನ್ನು ಮಗಳ ಜೊತೆ ನೋಡಿದೆ. ಅವಳು ಮೊಬೈಲ್ ಮುಟ್ಟದೆ ಪೂರ್ತಿ ನೋಡಿದಳು. ಈಗಿನ ಹಾಡುಗಳಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮೂರು ಕಟ್ ಬಂದಿರುತ್ತವೆ. ಇದರಲ್ಲಿ ಕಟ್ಟೇ ಇಲ್ಲವೇನೋ ಅನ್ನಿಸುತ್ತದೆ, ಆದರೂ ಬೇಸರ ಬರುವುದಿಲ್ಲ. ಯಾಕೆ?
– ಓದುಗರು, ಶಿವಮೊಗ್ಗ

ಉತ್ತರ: ಕಟ್, ಅಂದರೆ ಒಂದು ಶಾಟ್ (ಕ್ಯಾಮೆರಾ ನಿಲ್ಲದೆ ತೆಗೆದ ತುಣುಕು) ಮುಗಿದು ಇನ್ನೊಂದು ಶುರುವಾಗುವ ಜಾಗ, ಇವೆ, ಆದರೆ ಬೆರಳೆಣಿಕೆಯಷ್ಟು. ನಾಲ್ಕು ನಿಮಿಷ ದಾಟುವ ಹಾಡಿಗೆ ಅದು ತುಂಬಾ ಕಡಿಮೆ. ನಿರ್ದೇಶಕರು ಇಬ್ಬರು, ಜೀನ್ ಕೆಲ್ಲಿ ಮತ್ತು ಸ್ಟ್ಯಾನ್ಲಿ ಡೋನೆನ್. ಮಳೆಯಲ್ಲಿ ಕುಣಿಯುವ ನಾಯಕನೂ ಕೆಲ್ಲಿಯೇ. ಸಂಕಲನ ಏಡ್ರಿಯನ್ ಫೇಜನ್ ಅವರದ್ದು. ಎಲ್ಲಿ ಕತ್ತರಿ ಹಾಕಬಾರದು ಅಂತ ಗೊತ್ತಿರುವುದೂ ಎಡಿಟರ್ ಕೆಲಸವೇ ಅನ್ನುವುದಕ್ಕೆ ಈ ಹಾಡಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಶುರುವನ್ನೇ ನೋಡಿ. ಮಾತು ಮುಗಿದು ಹಾಡು ಹುಟ್ಟುವ ಜಾಗ ಇಂಥ ಸಿನಿಮಾಗಳಲ್ಲಿ ತುಂಬಾ ಕಷ್ಟದ ಜಾಗ. ಇಷ್ಟು ಹೊತ್ತು ಸಹಜವಾಗಿ ಮಾತಾಡಿಕೊಂಡಿದ್ದ ಮನುಷ್ಯ ಇದ್ದಕ್ಕಿದ್ದಂತೆ ಹಾಡಿದರೆ ನೋಡುವವರಿಗೇ ಮುಜುಗರ. ಇಲ್ಲಿ ನಾಯಕ ಹುಡುಗಿಯನ್ನು ಮನೆ ಬಾಗಿಲಲ್ಲಿ ಬೀಳ್ಕೊಡುತ್ತಾನೆ, ಕಾಯುತ್ತಿದ್ದ ಟ್ಯಾಕ್ಸಿಯನ್ನು ಕೈಸನ್ನೆಯಲ್ಲೇ ಕಳಿಸುತ್ತಾನೆ, ಮಳೆಯಲ್ಲಿ ನಡೆಯತೊಡಗುತ್ತಾನೆ. ಮಳೆಯ ಸದ್ದಿನ ಅಡಿಯಿಂದ ವಾದ್ಯಗಳು ಮೆಲ್ಲಗೆ ಎದ್ದು ಬರುತ್ತವೆ. ಅವನು ಮೊದಲು ಸುಮ್ನೆ ಗುನುಗುತ್ತಾನೆ, ಪದಗಳಿಲ್ಲ. ಪದ ಬರುವುದು ಆಮೇಲೆ, ಕುಣಿತ ಇನ್ನೂ ಆಮೇಲೆ. ನಡಿಗೆ, ಗುನುಗು, ಹಾಡು, ಕುಣಿತ ಎಲ್ಲ ಒಂದರಿಂದ ಒಂದು ಬೆಳೆದು ಬರುವುದರಿಂದ ಎಲ್ಲಿ ಗೆರೆ ದಾಟಿದೆವು ಅಂತ ನಮಗೆ ತಿಳಿಯುವುದೇ ಇಲ್ಲ. ಮಧ್ಯೆ ಒಂದು ಜೋರಾದ ಕಟ್ ಬಿದ್ದಿದ್ದರೂ ಆ ಗೆರೆ ಎದ್ದು ಕಾಣುತ್ತಿತ್ತು.

ಕಟ್ ಮಾಡಬೇಕಾದ ಕೆಲಸವನ್ನು ಇಲ್ಲಿ ಬಹುಪಾಲು ಕ್ಯಾಮೆರಾದ ಚಲನೆಯೇ ಮಾಡಿಬಿಡುತ್ತದೆ. ‘ಬಾ ಮಳೆಯೇ’ ಅನ್ನುವ ಅರ್ಥದ ಸಾಲಿಗೆ ಅವನು ಮುಖ ಮೇಲೆತ್ತಿದಾಗ ಕ್ಯಾಮೆರಾ ಹತ್ತಿರ ಹೋಗುತ್ತದೆ. ವಾದ್ಯವೃಂದ ಪೂರ್ತಿ ಎತ್ತರಕ್ಕೇರಿದಾಗ ಅವನು ಬಿಚ್ಚಿದ ಕೊಡೆ ಹಿಡಿದು ರಸ್ತೆ ನಡುವೆ ಸುತ್ತುತ್ತಾನೆ, ಕ್ಯಾಮೆರಾ ಕ್ರೇನ್ ಮೇಲೆ ಹಿಂದಕ್ಕೂ ಮೇಲಕ್ಕೂ ಸರಿಯುತ್ತದೆ. ಬೀದಿ ದೊಡ್ಡದಾಗುತ್ತದೆ, ಅವನ ಖುಷಿಯೂ ದೊಡ್ಡದಾದ ಹಾಗೆ ಕಾಣುತ್ತದೆ. ಕೊನೆಗೆ ಪೊಲೀಸ್ ಬಂದು ನಿಂತಾಗ ಸಂಗೀತ ತಗ್ಗುತ್ತದೆ. ಮಗುವಿನ ಹಾಗೆ ನೀರು ಚಿಮ್ಮಿಸುತ್ತಿದ್ದವನು ಸಿಕ್ಕಿಬಿದ್ದ ಅನ್ನುವುದನ್ನು ನಮಗೆ ಮುಟ್ಟಿಸುವುದು ಆ ತಗ್ಗಿದ ಸಂಗೀತವೇ.

ಕಟ್ ಕಡಿಮೆ ಇಟ್ಟಿರುವುದಕ್ಕೆ ಇನ್ನೊಂದು ಕಾರಣ ಇದೆ. ಕುಣಿಯುವವನ ಇಡೀ ದೇಹ ಕಾಣಬೇಕು, ತಲೆಯಿಂದ ಪಾದದವರೆಗೆ. ಜಿಗಿತ ಒಂದು ಶಾಟ್‌ನಲ್ಲಿ, ನೆಲ ಮುಟ್ಟುವುದು ಇನ್ನೊಂದರಲ್ಲಿ ಇದ್ದರೆ ಅವನು ನಿಜವಾಗಿ ಜಿಗಿದ ಅಂತ ನಂಬುವುದು ಹೇಗೆ? 1930ರ ದಶಕದಲ್ಲಿ ಆರ್‌ಕೆಓ ಸ್ಟುಡಿಯೋದಲ್ಲಿ ನೃತ್ಯತಾರೆ ಫ್ರೆಡ್ ಆಸ್ಟೇರ್ ಇದೇ ಹಟ ಹಿಡಿದಿದ್ದರು. ಒಂದೋ ಕ್ಯಾಮೆರಾ ಕುಣಿಯಬೇಕು, ಇಲ್ಲ ತಾನು ಕುಣಿಯಬೇಕು ಅನ್ನುವುದು ಅವರ ನಿಲುವು. ‘ಟಾಪ್ ಹ್ಯಾಟ್’ (1935), ‘ಸ್ವಿಂಗ್ ಟೈಮ್’ (1936) ನೋಡಿ. ನೋಡುವ ಜನರ ಮುಖ, ಕಾಲಿನ ಕ್ಲೋಸಪ್ ಅಂತೆಲ್ಲ ಕುಣಿತವನ್ನು ತುಂಡು ಮಾಡುವುದು ತುಂಬಾ ಅಪರೂಪ.

ಪ್ರಶ್ನೆ: ಅಷ್ಟು ಮಳೆಯಲ್ಲಿ ಶೂ ಸದ್ದು ಅಷ್ಟು ಸ್ಪಷ್ಟವಾಗಿ ಹೇಗೆ ಕೇಳುತ್ತದೆ? ಅಲ್ಲೇ ರೆಕಾರ್ಡ್ ಮಾಡಿದ್ದಾ?
– ಓದುಗರು, ಧಾರವಾಡ

ಉತ್ತರ: ಅಲ್ಲ. ಒದ್ದೆ ರಸ್ತೆಯ ಮೇಲೆ ಟ್ಯಾಪ್ ಶೂ (ಟಕಟಕ ಸದ್ದಿಗಾಗಿ ತಳಕ್ಕೆ ಲೋಹದ ತುಂಡು ಹಾಕಿದ ಕುಣಿತದ ಶೂ) ಅಷ್ಟು ಚೊಕ್ಕವಾಗಿ ಕೇಳುವುದೇ ಇಲ್ಲ.

ಎಂಜಿಎಂನಂಥ ಸ್ಟುಡಿಯೋಗಳಲ್ಲಿ ಕೆಲಸದ ಕ್ರಮ ಹೀಗಿತ್ತು. ಮೊದಲು ಹಾಡನ್ನು ವಾದ್ಯವೃಂದದ ಜೊತೆ ಧ್ವನಿಮುದ್ರಣ ಮಾಡುತ್ತಾರೆ. ಶೂಟಿಂಗ್ ದಿನ ಅದನ್ನು ಸೆಟ್‌ನಲ್ಲಿ ಸ್ಪೀಕರ್‌ನಿಂದ ಜೋರಾಗಿ ಹಾಕುತ್ತಾರೆ, ನಟ ಅದಕ್ಕೆ ತುಟಿ ಆಡಿಸುತ್ತಾ ಕುಣಿಯುತ್ತಾನೆ. ಸ್ಪೀಕರ್ ಅರಚುತ್ತಿರುವಾಗ ಅಲ್ಲಿ ಮೈಕ್‌ಗೆ ಸಿಕ್ಕ ಸದ್ದು ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಶೂಟಿಂಗ್ ಮುಗಿದ ಮೇಲೆ ನೃತ್ಯಗಾರರು ಪರದೆ ನೋಡಿಕೊಂಡು, ಗಟ್ಟಿ ನೆಲದ ಮೇಲೆ ಅದೇ ಹೆಜ್ಜೆಗಳನ್ನು ಮತ್ತೆ ಹಾಕುತ್ತಾರೆ. ಆ ಸದ್ದನ್ನು ಚಿತ್ರಕ್ಕೆ ಸೇರಿಸುತ್ತಾರೆ. ಆಸ್ಟೇರ್ ತಮ್ಮ ಟ್ಯಾಪ್ ತಾವೇ ಹೀಗೆ ಹಾಕುತ್ತಿದ್ದರು, ಅವರ ಜೋಡಿ ಜಿಂಜರ್ ರೋಜರ್ಸ್ ಅವರದನ್ನು ನೃತ್ಯ ನಿರ್ದೇಶಕ ಹರ್ಮಿಸ್ ಪ್ಯಾನ್ ಹಾಕುತ್ತಿದ್ದರು.

ಎಲ್ಲ ಸದ್ದೂ ಆಮೇಲೆ ಸೇರಿಸುವುದು ಅಂದಮೇಲೆ ಯಾವುದನ್ನು ಕೇಳಿಸಬೇಕು, ಯಾವುದನ್ನು ಬಿಡಬೇಕು ಅನ್ನುವ ಆಯ್ಕೆ ಪೂರ್ತಿ ಕೈಯಲ್ಲಿರುತ್ತದೆ. ಮಳೆ ಹಾಡನ್ನು ಇನ್ನೊಮ್ಮೆ ಗಮನವಿಟ್ಟು ಕೇಳಿ. ಶುರುವಿನಲ್ಲಿ ಮಳೆ ಚೆನ್ನಾಗಿ ಕೇಳುತ್ತದೆ. ಹಾಡು ಹಿಡಿದ ಮೇಲೆ ಅದು ಹಿಂದೆ ಸರಿಯುತ್ತದೆ. ಪರದೆ ಮೇಲೆ ಮಳೆ ಅಷ್ಟೇ ಜೋರಾಗಿ ಸುರಿಯುತ್ತಿದ್ದರೂ ಕಿವಿಗೆ ಬೀಳುವುದು ಸಂಗೀತ ಮತ್ತು ಹೆಜ್ಜೆ. ಆಮೇಲೆ ನೀರು ಮತ್ತೆ ಕೇಳುವುದು ಎಲ್ಲಿ ಅಂದರೆ ಅವನು ಅದರ ಜೊತೆ ಆಟಕ್ಕಿಳಿದಾಗ, ದಬದಬ ಸುರಿಯುವ ಪೈಪಿನ ಕೆಳಗೆ ನಿಂತಾಗ, ಗುಂಡಿಯ ನೀರಿಗೆ ಕಾಲು ಬಡಿದಾಗ. ಆ ಬಡಿತಗಳು ಸುಮ್ನೆ ಸದ್ದಲ್ಲ, ತಾಳಕ್ಕೆ ಸರಿಯಾಗಿ ಬೀಳುತ್ತವೆ. ನೀರೇ ಅಲ್ಲಿ ಇನ್ನೊಂದು ವಾದ್ಯ.

ಪ್ರಶ್ನೆ: ತೀರಾ ಮೊದಲ ಟಾಕಿಗಳಲ್ಲಿ ಹಾಡುವವರು ಕಂಬದ ಹಾಗೆ ನಿಂತೇ ಇರುತ್ತಾರಲ್ಲ, ಏಕೆ?
– ಓದುಗರು, ಹಾಸನ

ಉತ್ತರ: ಆಗ ಸದ್ದನ್ನು ಕತ್ತರಿಸಲು ಆಗುತ್ತಿರಲಿಲ್ಲ. 1927ರ ‘ದ ಜಾಝ್ ಸಿಂಗರ್’ ಚಿತ್ರದ ವೈಟಾಫೋನ್ ಪದ್ಧತಿಯಲ್ಲಿ ಸದ್ದು ಇದ್ದದ್ದು ದೊಡ್ಡ ಗ್ರಾಮಫೋನ್ ತಟ್ಟೆಯ ಮೇಲೆ. ಫಿಲ್ಮ್ ಕತ್ತರಿಸಿ ಅಂಟಿಸಬಹುದು, ತಟ್ಟೆಯನ್ನು ಹೇಗೆ ಕತ್ತರಿಸುತ್ತೀರಿ? ಹಾಡು, ವಾದ್ಯ, ಚಿತ್ರ ಎಲ್ಲ ಒಟ್ಟಿಗೆ, ಒಂದೇ ಹೊತ್ತಿಗೆ ಹಿಡಿಯಬೇಕು. ಕ್ಯಾಮೆರಾದ ಗಲಾಟೆ ಮೈಕ್‌ಗೆ ಬೀಳಬಾರದು ಅಂತ ಅದನ್ನು ಒಂದು ಮುಚ್ಚಿದ ಗೂಡಿನೊಳಗೆ ಇಡುತ್ತಿದ್ದರು, ಆದ್ದರಿಂದ ಅದೂ ಅಲ್ಲಾಡುವ ಹಾಗಿಲ್ಲ.

ಈ ತೊಡಕಿನಿಂದ ಬಿಡುಗಡೆ ಸಿಕ್ಕಿದ್ದು 1929ರ ‘ದ ಬ್ರಾಡ್‌ವೇ ಮೆಲಡಿ’ ಹೊತ್ತಿಗೆ. ಅದರ ಒಂದು ನೃತ್ಯವನ್ನು ಮತ್ತೆ ಚಿತ್ರೀಕರಿಸಬೇಕಾಗಿ ಬಂತು. ಸದ್ದು ಆಗಲೇ ಚೆನ್ನಾಗಿ ಬಂದಿದೆ, ಅದನ್ನೇ ಸ್ಪೀಕರ್‌ನಲ್ಲಿ ಹಾಕಿ ಚಿತ್ರ ಮಾತ್ರ ಹೊಸದಾಗಿ ತೆಗೆಯೋಣ ಅಂದರು ಎಂಜಿಎಂ ಧ್ವನಿ ವಿಭಾಗದ ಡಗ್ಲಸ್ ಶಿಯರರ್. ನಮ್ಮಲ್ಲಿ ಈ ದಾರಿ ಹಿಡಿದದ್ದು 1935ರಲ್ಲಿ, ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನಲ್ಲಿ, ನಿತಿನ್ ಬೋಸ್ ನಿರ್ದೇಶನದ ‘ಧೂಪ್ ಛಾಂವ್’ ಚಿತ್ರಕ್ಕೆ.

ಪ್ರಶ್ನೆ: ಒಬ್ಬರು ನಟಿಸಿ ಇನ್ನೊಬ್ಬರು ಹಾಡುವುದು ಭಾರತದ ಪದ್ಧತಿ ಅಂದುಕೊಂಡಿದ್ದೆ. ಹಾಲಿವುಡ್‌ನಲ್ಲೂ ಇತ್ತಾ?
– ಓದುಗರು, ಮೈಸೂರು

ಉತ್ತರ: ಧಾರಾಳವಾಗಿ ಇತ್ತು. ವ್ಯತ್ಯಾಸ ಏನೆಂದರೆ ನಾವು ಹಾಡಿದವರ ಹೆಸರು ಹೇಳಿ ಮೆರೆಸಿದೆವು, ಅವರು ಬಚ್ಚಿಟ್ಟರು. ರಾಜ್‌ಕುಮಾರ್ ಅವರಿಗೆ ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದರು ಅನ್ನುವುದು ಕರ್ನಾಟಕಕ್ಕೆಲ್ಲ ಗೊತ್ತಿತ್ತು, ಇಬ್ಬರ ಮೇಲೂ ಪ್ರೀತಿ ಇತ್ತು. 1974ರ ‘ಸಂಪತ್ತಿಗೆ ಸವಾಲ್’ ನಂತರ ರಾಜ್ ತಾವೇ ಹಾಡತೊಡಗಿದಾಗ ಜನ ಅದನ್ನೂ ಹಾಗೇ ಒಪ್ಪಿಕೊಂಡರು. ಆದರೆ ‘ವೆಸ್ಟ್ ಸೈಡ್ ಸ್ಟೋರಿ’ (1961) ಚಿತ್ರದಲ್ಲಿ ನಟಾಲಿ ವುಡ್‌ಗೂ ‘ಮೈ ಫೇರ್ ಲೇಡಿ’ (1964) ಚಿತ್ರದ ಬಹುಪಾಲು ಹಾಡುಗಳಲ್ಲಿ ಆಡ್ರಿ ಹೆಪ್‌ಬರ್ನ್‌ಗೂ ಹಾಡಿದ ಮಾರ್ನಿ ನಿಕ್ಸನ್ ಅವರ ಹೆಸರು ಆ ಚಿತ್ರಗಳ ಪರದೆ ಮೇಲೆ ಬರಲೇ ಇಲ್ಲ. ಇದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ.

‘ಸಿಂಗಿನ್ ಇನ್ ದ ರೇನ್’ ಕಥೆಯೇ ಈ ವಿಷಯದ್ದು. 1927ರ ಹಾಲಿವುಡ್, ಮೂಕಿ ಚಿತ್ರದ ತಾರೆ ಲೀನಾ, ಅವಳ ದನಿಯೋ ಕರ್ಕಶ, ಕೇಳಲಾಗದು. ಹೊಸ ಹುಡುಗಿ ಕ್ಯಾಥಿ ತೆರೆಮರೆಯಲ್ಲಿ ಅವಳಿಗೆ ದನಿ ಕೊಡುತ್ತಾಳೆ. ಅದನ್ನು ತೋರಿಸುವ ‘ವುಡ್ ಯೂ’ ಹಾಡಿನ ಎಡಿಟಿಂಗ್ ಅಂದರೆ ನನಗೆ ಮಳೆ ಹಾಡಿಗಿಂತ ಒಂದು ಕೈ ಹೆಚ್ಚು ಇಷ್ಟ. ಕ್ಯಾಥಿ ಸ್ಟುಡಿಯೋದಲ್ಲಿ ವಾದ್ಯವೃಂದದ ಮುಂದೆ ನಿಂತು ಹಾಡು ಶುರು ಮಾಡುತ್ತಾಳೆ. ಹಾಡು ನಿಲ್ಲುವುದಿಲ್ಲ, ಚಿತ್ರ ಬದಲಾಗುತ್ತದೆ. ಈಗ ಸೆಟ್‌ನಲ್ಲಿ ಲೀನಾ ಅದೇ ಹಾಡಿಗೆ ತುಟಿ ಆಡಿಸುತ್ತಿದ್ದಾಳೆ. ಹಾಡು ಇನ್ನೂ ನಡೆದಿದೆ, ಬಣ್ಣ ಹೋಗಿ ಕಪ್ಪು-ಬಿಳುಪಾಗುತ್ತದೆ, ಕ್ಯಾಮೆರಾ ಹಿಂದೆ ಸರಿದರೆ ನಾವು ನೋಡುತ್ತಿರುವುದು ಮುಗಿದ ಸಿನಿಮಾವನ್ನು, ಸ್ಟುಡಿಯೋ ಮಾಲೀಕರ ಜೊತೆ ಕೂತು. ಮುದ್ರಣ, ಶೂಟಿಂಗ್, ಪ್ರದರ್ಶನ ಎಲ್ಲವೂ ಒಂದೇ ಹಾಡಿನ ಎಳೆಯಲ್ಲಿ ಮುಗಿದುಹೋದವು. ಪಾಠ ಮಾಡಿ ವಿವರಿಸಿದರೂ ಹಿನ್ನೆಲೆ ಗಾಯನ ಅಂದರೇನು ಅಂತ ಇಷ್ಟು ಚೆನ್ನಾಗಿ ತಿಳಿಯದು. ಇನ್ನೂ ಒಂದು ಮಾತು: ಕ್ಯಾಥಿ ಪಾತ್ರದ ಡೆಬಿ ರೆನಾಲ್ಡ್ಸ್‌ಗೆ ಆ ಹಾಡನ್ನು ನಿಜವಾಗಿ ಹಾಡಿದ್ದು ಬೆಟಿ ನೋಯ್ಸ್. ಕ್ಯಾಥಿ ಲೀನಾಳ ಮಾತಿಗೆ ದನಿ ಕೊಡುವ ಕಡೆ ಕೇಳುವುದು ಲೀನಾ ಪಾತ್ರ ಮಾಡಿದ ಜೀನ್ ಹೇಗನ್ ಅವರ ಸ್ವಂತ ದನಿ!

ಮೊದಲೇ ಹಾಡನ್ನು ಮುದ್ರಿಸಿಡುವ ಪದ್ಧತಿಯನ್ನು ಒಪ್ಪದವರೂ ಇದ್ದರು. ‘ಮೈ ಫೇರ್ ಲೇಡಿ’ಯ ನಾಯಕ ರೆಕ್ಸ್ ಹ್ಯಾರಿಸನ್ ಅವರದು ಅರ್ಧ ಮಾತು ಅರ್ಧ ಹಾಡು, ಪ್ರತಿ ಸಲವೂ ಧಾಟಿ ಬೇರೆ. ತುಟಿ ಆಡಿಸಲು ಆಗುವುದಿಲ್ಲ ಅಂತ ಅವರು ಪಟ್ಟು ಹಿಡಿದರು. ಟೈ ಒಳಗೆ ತಂತಿಯಿಲ್ಲದ ಮೈಕ್ ಬಚ್ಚಿಟ್ಟು ಸೆಟ್‌ನಲ್ಲೇ ಮುದ್ರಿಸಿದರು. ಅವರ ಹಾಡುಗಳಲ್ಲಿ ಆ ಕ್ಷಣಕ್ಕೆ ಹೊಳೆದು ಹೇಳಿದ ಹಾಗೆ ಕೇಳುವ ಒಂದು ಚುರುಕು ಇದೆಯಲ್ಲ, ಅದು ಬಂದದ್ದು ಇಲ್ಲಿಂದ.

ಪ್ರಶ್ನೆ: ಹಾಗಾದರೆ ಕಟ್ ಕಡಿಮೆ ಇದ್ದಷ್ಟೂ ಒಳ್ಳೆಯ ಹಾಡು ಅಂತಲಾ? ‘ದ ಸೌಂಡ್ ಆಫ್ ಮ್ಯೂಸಿಕ್’ನಲ್ಲಿ ಎಷ್ಟೊಂದು ಕಟ್ ಇವೆಯಲ್ಲ.
– ಓದುಗರು, ಪುತ್ತೂರು

ಉತ್ತರ: ಖಂಡಿತ ಹಾಗಲ್ಲ. ಕುಣಿತವೇ ಮುಖ್ಯವಾದಾಗ ಕತ್ತರಿ ದೂರ ಇರಬೇಕು. ಹಾಡು ಕಾಲವನ್ನೋ ಊರನ್ನೋ ದಾಟಬೇಕಾದಾಗ ಕತ್ತರಿ ಬೇಕೇ ಬೇಕು.

1965ರ ಆ ಚಿತ್ರದ ನಿರ್ದೇಶಕ ರಾಬರ್ಟ್ ವೈಸ್ ಮೊದಲು ಎಡಿಟರ್ ಆಗಿದ್ದವರು, ‘ಸಿಟಿಜನ್ ಕೇನ್’ (1941) ಸಂಕಲನ ಅವರದೇ. ಇಲ್ಲಿ ಸಂಕಲನ ಮಾಡಿ ಆಸ್ಕರ್ ಗೆದ್ದದ್ದು ವಿಲಿಯಂ ರೆನಾಲ್ಡ್ಸ್. ‘ಡೋ-ರೆ-ಮಿ’ ಹಾಡು ಬೆಟ್ಟದ ಹುಲ್ಲುಗಾವಲಿನಲ್ಲಿ ಶುರುವಾದಾಗ ಮಕ್ಕಳಿಗೆ ಸ್ವರಗಳೇ ಗೊತ್ತಿಲ್ಲ. ಸಾಲು ಮುಂದುವರಿದ ಹಾಗೆ ಸಾಲ್ಜ್‌ಬರ್ಗ್‌ನ ಬೀದಿ, ಸೈಕಲ್, ಕುದುರೆ ಗಾಡಿ, ಮಿರಾಬೆಲ್ ತೋಟ ಎಲ್ಲ ಬಂದುಹೋಗಿ, ಕೊನೆಗೆ ಮೆಟ್ಟಿಲ ಮೇಲೆ ನಿಂತಾಗ ಅವರು ನುರಿತ ಹಾಡುಗಾರರು. ಹಾಡು ಎಲ್ಲೂ ತುಂಡಾಗದೆ ಓಡುವುದರಿಂದ ಇಷ್ಟೆಲ್ಲ ದಿನ ಹಾರಿದ್ದು ನಮಗೆ ತಿಳಿಯುವುದೇ ಇಲ್ಲ. ಮೊದಲ ದೃಶ್ಯದಲ್ಲೂ ಹೆಲಿಕಾಪ್ಟರ್‌ನಿಂದ ತೆಗೆದ ಶಾಟ್‌ನಿಂದ ಹತ್ತಿರದ ಶಾಟ್‌ಗೆ ಕಟ್ ಆಗುವುದು ನಾಯಕಿ ಮರಿಯಾ ಗಿರ್ರನೆ ತಿರುಗುವ ಹೊತ್ತಿನಲ್ಲೇ. ಕಣ್ಣು ಆ ತಿರುಗುವಿಕೆಯ ಹಿಂದೆ ಹೋಗಿರುತ್ತದೆ, ಕಟ್ ತಪ್ಪಿಸಿಕೊಳ್ಳುತ್ತದೆ. ತಾಳದ ಪ್ರತಿ ಪೆಟ್ಟಿಗೂ ಕಟ್ ಹಾಕುವ ಈಗಿನ ಅಭ್ಯಾಸಕ್ಕಿಂತ ಇದು ಎಷ್ಟೋ ಮೇಲು, ಅಲ್ವಾ?

ನನ್ನನ್ನು ಕೇಳಿದರೆ ಇದರಲ್ಲಿ ಎಲ್ಲರಿಗೂ ಗುರು ರೂಬೆನ್ ಮಮೂಲಿಯನ್ ಅವರ ‘ಲವ್ ಮಿ ಟುನೈಟ್’ (1932). ಪ್ಯಾರಿಸ್‌ನ ದರ್ಜಿ ಅಂಗಡಿಯಲ್ಲಿ ಹಾಡೊಂದು ಶುರುವಾಗುತ್ತದೆ. ಗಿರಾಕಿ ಅದನ್ನು ಗುನುಗುತ್ತಾ ಹೊರಗೆ ಬರುತ್ತಾನೆ, ಟ್ಯಾಕ್ಸಿಯವನಿಗೆ ಅಂಟುತ್ತದೆ, ಅಲ್ಲಿಂದ ಒಬ್ಬ ಸಂಗೀತಗಾರನಿಗೆ, ರೈಲಿನಲ್ಲಿ ಸೈನಿಕರಿಗೆ. ಸೈನಿಕರು ಅದನ್ನೇ ನಡಿಗೆಯ ಹಾಡು ಮಾಡಿಕೊಳ್ಳುತ್ತಾರೆ. ಕೇಳಿಸಿಕೊಂಡ ಅಲೆಮಾರಿಯೊಬ್ಬ ತನ್ನವರ ಬಳಿ ಪಿಟೀಲಿನಲ್ಲಿ ನುಡಿಸುತ್ತಾನೆ, ಅದು ತೇಲಿಕೊಂಡು ಅರಮನೆಯ ಮಹಡಿಯಲ್ಲಿ ನಿಂತ ರಾಜಕುಮಾರಿಯ ಕಿವಿಗೆ ಬೀಳುತ್ತದೆ. ದರ್ಜಿಯೂ ರಾಜಕುಮಾರಿಯೂ ಇನ್ನೂ ಒಬ್ಬರನ್ನೊಬ್ಬರು ನೋಡಿಯೇ ಇಲ್ಲ. ಕಥೆ ಅವರಿಬ್ಬರನ್ನು ಸೇರಿಸುವ ಮೊದಲೇ ಎಡಿಟಿಂಗ್ ಸೇರಿಸಿಬಿಟ್ಟಿತು. ನಾಟಕದ ರಂಗದ ಮೇಲೆ ಇದನ್ನು ಮಾಡಿ ತೋರಿಸುವುದು ಕಷ್ಟ, ಸಿನಿಮಾಕ್ಕೆ ಮಾತ್ರ ಇದು ಇಷ್ಟು ಸಲೀಸು.

ಪ್ರಶ್ನೆ: ಮಳೆ ಕಾಣಲಿ ಅಂತ ನೀರಿಗೆ ಹಾಲು ಬೆರೆಸಿದ್ದರಂತೆ, ನಿಜವೇ?
– ಓದುಗರು, ಮಂಗಳೂರು

ಉತ್ತರ: ಇಲ್ಲ, ಅದು ಕಟ್ಟುಕಥೆ. ಮಳೆಯ ಹಿಂದಿನಿಂದ ದೀಪ ಬಿಟ್ಟರೆ ಹನಿಗಳು ಹೊಳೆಯುತ್ತವೆ, ಅಷ್ಟೇ ಮಾಡಿದ್ದು. ಆದರೆ ರಸ್ತೆಯ ಗುಂಡಿಗಳು ಮಾತ್ರ ತಾವಾಗಿ ಆದವಲ್ಲ. ಹಾಡು ಮೊದಲೇ ಮುದ್ರಣವಾಗಿತ್ತು, ತಾಳದ ಯಾವ ಪೆಟ್ಟು ಬಿದ್ದಾಗ ಕೆಲ್ಲಿ ಎಲ್ಲಿರಬೇಕು ಅನ್ನುವುದು ಗೊತ್ತಿತ್ತು. ನೀರು ಬೇಕಾದ ಕಡೆಯೇ ನೆಲ ಅಗೆಸಿದ್ದರು.